ಸೂಪರ್‌ವೈಸರ್‌ಗಳಿಗೆ ಕಾರ್ಮಿಕ ಕಾನೂನಿನ ತರಬೇತಿ: ಹಾಜರಿ ಸಹಿ ಕಂಪನಿಯನ್ನು ಕಾಯುತ್ತದೆಯೇ?

ಪ್ರಶ್ನೆ: ತುಮಕೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಅಧಿಕಾರಿಯಾಗಿದ್ದೇನೆ. ಸುಮಾರು 420 ಕಾರ್ಮಿಕರಿದ್ದಾರೆ, ಹೆಚ್ಚಿನವರು ಮಹಿಳೆಯರು. 16 ಲೈನ್ ಸೂಪರ್‌ವೈಸರ್‌ಗಳಲ್ಲಿ ಬಹುತೇಕರು ಟೇಲರ್‌ಗಳಾಗಿ ಸೇರಿ ಮೇಲೆ ಬಂದವರು. ಕಳೆದ ತಿಂಗಳು ಒಬ್ಬ ಸೂಪರ್‌ವೈಸರ್ ತನ್ನ ಲೈನಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಭಾನುವಾರ ಓಟಿಗೆ (ಹೆಚ್ಚುವರಿ ದುಡಿಮೆಗೆ) ಬಾರದವರು ಸೋಮವಾರವೂ ಬರಬೇಕಾಗಿಲ್ಲ’ ಎಂದು ಬರೆದ. ಇನ್ನೊಬ್ಬ, ಐದು ತಿಂಗಳ ಗರ್ಭಿಣಿಯಾದ ಟೇಲರ್ ಒಬ್ಬರಿಂದ ‘ಸ್ವಂತ ಕಾರಣಕ್ಕಾಗಿ’ ಎಂದು ರಾಜೀನಾಮೆ ಬರೆಸಿ ನನ್ನ ಮೇಜಿನ ಮೇಲಿಟ್ಟ. ಕಾರ್ಮಿಕ ಸಂಘದವರು ಎರಡನ್ನೂ ಕೈಗೆತ್ತಿಕೊಂಡಿದ್ದಾರೆ. ವಕೀಲರೊಬ್ಬರನ್ನು ಕರೆಸಿ ಅರ್ಧ ದಿನ ಉಪನ್ಯಾಸ ಮಾಡಿಸಿ, ಹಾಜರಿ ಸಹಿಯ ಜೊತೆಗೆ ‘ಇನ್ನು ಮುಂದೆ ಕಾನೂನು ಉಲ್ಲಂಘನೆಯಾದರೆ ನಾನೇ ಹೊಣೆ’ ಎಂಬ ಮುಚ್ಚಳಿಕೆಯನ್ನೂ ಪಡೆಯಿರಿ ಎಂದು ಆಡಳಿತದವರು ಹೇಳುತ್ತಿದ್ದಾರೆ. ಪ್ರೊಡಕ್ಷನ್ ಮ್ಯಾನೇಜರ್ ಅವರಿಗೆ ಅದೂ ಇಷ್ಟವಿಲ್ಲ. ಕಾನೂನು ಕಲಿಸಿದರೆ ಸೂಪರ್‌ವೈಸರ್‌ಗಳು ಹೆದರಿ ಕೈಕಟ್ಟಿ ಕೂರುತ್ತಾರೆ ಎನ್ನುತ್ತಾರೆ. ತರಬೇತಿ ಕೊಟ್ಟ ದಾಖಲೆ ನಮ್ಮನ್ನು ಉಳಿಸುತ್ತದೆಯೇ? ಏನನ್ನು, ಎಷ್ಟು ಕಲಿಸಬೇಕು? ಮುಚ್ಚಳಿಕೆ ಬೇಡವೆಂದಾದರೆ ಸಹಿಯನ್ನು ಯಾವುದಕ್ಕೆ ಪಡೆಯಬೇಕು?

ಉತ್ತರ: ಮೊದಲು ಒಂದು ತುರ್ತಿನ ಮಾತು. ಆ ರಾಜೀನಾಮೆ ಪತ್ರ ಇನ್ನೂ ನಿಮ್ಮ ಮೇಜಿನ ಮೇಲೆಯೇ ಇದ್ದರೆ, ತರಬೇತಿಯ ದಿನ ಗೊತ್ತುಮಾಡುವುದಕ್ಕೂ ಮುನ್ನ ಅದನ್ನು ಇತ್ಯರ್ಥ ಮಾಡಿ. ಎಚ್‌ಆರ್ ವಿಭಾಗದ ಮಹಿಳಾ ಸಹೋದ್ಯೋಗಿಯೊಬ್ಬರು ಆ ಟೇಲರ್ ಜೊತೆ, ಸೂಪರ್‌ವೈಸರ್ ಸುಳಿಯದ ಜಾಗದಲ್ಲಿ, ಮಾತನಾಡಲಿ. ಆಕೆ ಇಷ್ಟಪಟ್ಟು ಕೆಲಸ ಬಿಟ್ಟದ್ದಲ್ಲ ಎಂದು ತಿಳಿದುಬಂದರೆ, ರಾಜೀನಾಮೆಯನ್ನು ಅಂಗೀಕರಿಸಿಲ್ಲ, ನೌಕರಿ ಮುಂದುವರಿದಿದೆ, ನಡುವೆ ತಪ್ಪಿದ ದಿನಗಳ ವೇತನ ಕೊಡುತ್ತೇವೆ ಎಂದು ಪತ್ರ ಕೊಡಿ. ಇದನ್ನು ಸಂಘದವರು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಒಯ್ಯುವ ಮೊದಲು ಮಾಡುವುದಕ್ಕೂ ನಂತರ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ವಾಟ್ಸ್‌ಆ್ಯಪ್ ಸಂದೇಶವನ್ನು ಅಳಿಸುವಂತೆ ಯಾರಿಗೂ ಹೇಳಬೇಡಿ. ಅದು ಈಗಾಗಲೇ ಲೈನಿನವರೆಲ್ಲರ ಫೋನಿನಲ್ಲಿದೆ. ಅಳಿಸಿದರೆ ಉಳಿಯುವುದು ನೀವು ಮುಚ್ಚಿಡಲು ಹೊರಟಿರಿ ಎಂಬುದಕ್ಕೆ ಇನ್ನೊಂದು ಸಾಕ್ಷ್ಯ. ಅದರ ಬದಲು ಅದೇ ಗುಂಪಿನಲ್ಲಿ, ‘ಭಾನುವಾರ ಬಾರದ ಯಾರ ಕೆಲಸಕ್ಕೂ ತೊಂದರೆಯಿಲ್ಲ’ ಎಂದು ಕಂಪನಿಯ ಹೆಸರಿನಲ್ಲಿ ತಿದ್ದುಪಡಿ ಹಾಕಿಸಿ.

ಇನ್ನು ನಿಮ್ಮ ಚಿಂತೆ. ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಸೂಪರ್‌ವೈಸರ್‌ಗಳು ತಪ್ಪು ಮಾಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಒಂದು. ಅವರು ತಪ್ಪು ಮಾಡಿದಾಗ ಕಂಪನಿ ಹೊಣೆಯಿಂದ ಪಾರಾಗುವುದು ಹೇಗೆ ಎಂಬುದು ಇನ್ನೊಂದು. ನಿಮ್ಮ ಆಡಳಿತದವರು ಎರಡನೆಯದನ್ನು ಕೇಳುತ್ತಿದ್ದಾರೆ, ಅದಕ್ಕೆ ಮೊದಲನೆಯದರ ಹೆಸರಿಟ್ಟಿದ್ದಾರೆ. ನಾನು ತರಬೇತಿಗೆ ಹೋಗುವ ಕಾರ್ಖಾನೆಗಳಲ್ಲಿ ಇದು ಹೊಸದೇನಲ್ಲ. ಕರೆ ಬರುವುದೇ ಗಲಾಟೆಯಾದ ಮರುವಾರ.

ಮುಚ್ಚಳಿಕೆಯ ಮಾತು ಮೊದಲು ಮುಗಿಸುತ್ತೇನೆ, ಏಕೆಂದರೆ ಮೂರು ಸಲಹೆಗಳಲ್ಲಿ ಅತ್ಯಂತ ಅಪಾಯಕಾರಿ ಅದೇ. ವೇತನ ಕೊಡುವ, ಕೆಲಸದ ಅವಧಿ ಪಾಲಿಸುವ, ಹೆರಿಗೆ ಸೌಲಭ್ಯ ಕೊಡುವ ಹೊಣೆಯನ್ನು ಕಾನೂನು ಹೊರಿಸಿರುವುದು ಉದ್ಯೋಗದಾತನ ಮೇಲೆ. ಅದನ್ನು ಖಾಸಗಿ ಕಾಗದವೊಂದರಿಂದ ಲೈನ್ ಸೂಪರ್‌ವೈಸರ್ ಹೆಗಲಿಗೆ ದಾಟಿಸಲು ಆಗುವುದಿಲ್ಲ. ಸೂಪರ್‌ವೈಸರ್ ಕಾರ್ಮಿಕರ ಎದುರು ನಿಂತು ಆಡುವ ಮಾತು ಕಂಪನಿಯ ಮಾತು. ‘ಬರಬೇಕಾಗಿಲ್ಲ’ ಎಂದು ಅವನು ಬರೆದರೆ ವಿವಾದದಲ್ಲಿ ಅದನ್ನು ಕಂಪನಿಯೇ ಬರೆದಂತೆ ಓದುತ್ತಾರೆ. ಅದರ ಮೇಲೆ ಈ ಮುಚ್ಚಳಿಕೆ ಇನ್ನೊಂದು ಕೆಲಸ ಮಾಡುತ್ತದೆ. ಉಲ್ಲಂಘನೆ ನಡೆಯುತ್ತಿದೆ ಎಂದು ನಿಮಗೆ ಗೊತ್ತಿತ್ತು, ಗೊತ್ತಿದ್ದೂ ತಡೆಯುವ ವ್ಯವಸ್ಥೆ ಮಾಡದೆ ಸಹಿ ಮಾತ್ರ ಹಾಕಿಸಿಕೊಂಡಿರಿ ಎಂಬುದಕ್ಕೆ ಅದೇ ಪುರಾವೆಯಾಗುತ್ತದೆ. ಸೂಪರ್‌ವೈಸರ್ ತಾನೇ ಹೊಣೆಗಾರನಾಗುವ ಸಂದರ್ಭಗಳೂ ಇವೆ: ಲೈಂಗಿಕ ಕಿರುಕುಳವಾದರೆ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ, ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಸಾರ್ವಜನಿಕವಾಗಿ ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ. ಅವು ಅವನನ್ನು ನೇರವಾಗಿ ತಟ್ಟುವುದಕ್ಕೆ ನಿಮ್ಮ ಮುಚ್ಚಳಿಕೆಯ ಅಗತ್ಯವಿಲ್ಲ. ಇದನ್ನು ತರಬೇತಿಯಲ್ಲಿ ಬೆದರಿಕೆಯಾಗಿ ಅಲ್ಲ, ಮಾಹಿತಿಯಾಗಿ ಅವರಿಗೆ ತಿಳಿಸಿ.

ಹಾಜರಿ ಸಹಿ? ಅದು ನಿರುಪಯುಕ್ತವೇನಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 19ನೇ ಕಲಂ, ಉದ್ಯೋಗಿಗಳಿಗೆ ನಿಯತವಾಗಿ ಅರಿವು ಕಾರ್ಯಾಗಾರಗಳನ್ನೂ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯ ಸದಸ್ಯರಿಗೆ ತರಬೇತಿಯನ್ನೂ ಏರ್ಪಡಿಸುವುದನ್ನು ಮಾಲೀಕನ ಕರ್ತವ್ಯವೆಂದೇ ಹೇಳುತ್ತದೆ. ಅದನ್ನು ಮಾಡಿದ್ದೀರಿ ಎಂದು ತೋರಿಸಲು ದಾಖಲೆ ಬೇಕು. ಕಾಯ್ದೆಯ ಪಾಲನೆಯಲ್ಲಿ ತಪ್ಪಿದರೆ 50,000 ರೂಪಾಯಿವರೆಗೆ ದಂಡ, ಮತ್ತೆ ತಪ್ಪಿದರೆ ದುಪ್ಪಟ್ಟು ದಂಡದ ಜೊತೆಗೆ ಪರವಾನಗಿಗೇ ಕುತ್ತು ಬರಬಹುದು. ಆದರೆ ಸಹಿಗೆ ಇರುವ ಬೆಲೆ ಅಷ್ಟೇ. ತರಬೇತಿ ನಡೆಯಿತು ಎಂಬುದನ್ನು ಅದು ಹೇಳುತ್ತದೆ. ಗರ್ಭಿಣಿಯಿಂದ ರಾಜೀನಾಮೆ ಬರೆಸಿಕೊಂಡದ್ದು ಸರಿ ಎಂದು ಅದು ಹೇಳಲಾರದು. ತರಬೇತಿಯ ಮರುದಿನವೂ ಅದೇ ನಡೆದರೆ, ‘ಗೊತ್ತಿಲ್ಲದೆ ಆಯಿತು’ ಎನ್ನುವ ದಾರಿಯೂ ನಿಮಗೆ ಮುಚ್ಚಿರುತ್ತದೆ.

ಪ್ರೊಡಕ್ಷನ್ ಮ್ಯಾನೇಜರ್ ಅವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅರೆಬರೆ ಕಾನೂನು ಕಲಿತ ಸೂಪರ್‌ವೈಸರ್ ನಿಜಕ್ಕೂ ಎರಡು ಬಗೆಯಲ್ಲಿ ಕೆಡುತ್ತಾನೆ. ಒಬ್ಬ ಹೆದರಿ, ಯಂತ್ರದ ಮೇಲೆ ಮಲಗಿದವನನ್ನೂ ಎಬ್ಬಿಸುವುದಿಲ್ಲ. ಇನ್ನೊಬ್ಬ ತಾನೇ ವಕೀಲನಾಗಿ, ‘ನಿನಗೆ ಆ ರಜೆ ಬರುವುದಿಲ್ಲ, ಕಾಯ್ದೆ ನೋಡಿದ್ದೇನೆ’ ಎಂದು ತೀರ್ಪು ಕೊಡಲು ಶುರುಮಾಡುತ್ತಾನೆ. ಎರಡೂ ಆಗುವುದು ಕಾನೂನು ಕಲಿಸಿದ್ದರಿಂದಲ್ಲ, ಅವನಿಗೆ ಬೇಡದ ಕಾನೂನು ಕಲಿಸಿದ್ದರಿಂದ. ಕೆಲಸ ಹಂಚುವುದು, ಗುಣಮಟ್ಟ ಕೇಳುವುದು, ತಡವಾಗಿ ಬಂದವರನ್ನು ಪ್ರಶ್ನಿಸುವುದು, ತಪ್ಪನ್ನು ಬರಹದಲ್ಲಿ ವರದಿ ಮಾಡುವುದು ಇವೆಲ್ಲ ಅವನ ಅಧಿಕಾರದೊಳಗೇ ಇವೆ, ಯಾವ ಕಾಯ್ದೆಯೂ ಅದನ್ನು ಕಿತ್ತುಕೊಂಡಿಲ್ಲ. ತರಬೇತಿಯ ಆರಂಭದಲ್ಲೇ ಇದನ್ನು ಸ್ಪಷ್ಟವಾಗಿ ಹೇಳಬೇಕು. ಏನು ಮಾಡಬಾರದು ಎಂಬ ಪಟ್ಟಿಯಿಂದಲೇ ಆರಂಭವಾಗುವ ತರಗತಿಯಲ್ಲಿ ಕಿವಿಗಳು ಬೇಗ ಮುಚ್ಚಿಕೊಳ್ಳುತ್ತವೆ.

ಹಾಗಿದ್ದರೆ ತಪ್ಪು ಆಗುವುದೇಕೆ? ಅಜ್ಞಾನ ಒಂದು ಕಾರಣ, ಆದರೆ ಚಿಕ್ಕ ಕಾರಣ. ಭಾನುವಾರದ ಸಂದೇಶ ಬರೆದ ನಿಮ್ಮ ಸೂಪರ್‌ವೈಸರ್, ಒತ್ತಾಯದ ದುಡಿಮೆ ತಪ್ಪು ಎಂದು ತಿಳಿಯದವನಾಗಿರಲಾರ. ಅವನೇ ಟೇಲರ್ ಆಗಿದ್ದಾಗ ಅದನ್ನು ಅನುಭವಿಸಿರುತ್ತಾನೆ. ಶನಿವಾರ ಸಂಜೆ ಅವನಿಗೆ ಬಂದ ಆಜ್ಞೆ ಏನು ಎಂದು ವಿಚಾರಿಸಿ. ಶಿಪ್‌ಮೆಂಟ್ ಹೋಗಬೇಕು, ಲೈನ್ ನಿಲ್ಲಬಾರದು, ಹೇಗಾದರೂ ಜನ ತರಿಸು ಎಂದಿರುತ್ತದೆ. ಆ ‘ಹೇಗಾದರೂ’ ಎಂಬುದರೊಳಗೆ ಏನೇನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಯಾರೂ ಅವನಿಗೆ ಹೇಳಿರುವುದಿಲ್ಲ. ಗಂಟೆಗೊಮ್ಮೆ ಪೀಸ್ ಲೆಕ್ಕ ಬೋರ್ಡಿನ ಮೇಲೆ ಬರೆಯುವ ಕಡೆ, ಅವನ ಬೆನ್ನು ತಟ್ಟುವುದೂ ಬೈಯುವುದೂ ಆ ಲೆಕ್ಕದ ಮೇಲೆಯೇ. ಮೇಲಿನವರ ಟಾರ್ಗೆಟ್ ಒಂದು ಕಡೆ, ಕೆಳಗಿನವರ ಸಿಟ್ಟು ಇನ್ನೊಂದು ಕಡೆ: ಅತ್ತ ದರಿ, ಇತ್ತ ಪುಲಿ. ಟಾರ್ಗೆಟ್ ಹಾಗೆಯೇ ಉಳಿದು ತರಬೇತಿ ಮಾತ್ರ ಸೇರಿಕೊಂಡರೆ, ಅವನಿಗೆ ಮೂರನೆಯದೊಂದು ಕಾಟ ಹೆಚ್ಚಾಯಿತು ಅಷ್ಟೇ.

ಗರ್ಭಿಣಿಯ ಪ್ರಕರಣದ ಹಿಂದೆ ಇರುವುದು ಬೇರೆ ಲೆಕ್ಕ. ಆರು ತಿಂಗಳು ಒಂದು ಯಂತ್ರ ಖಾಲಿ, ಬದಲಿ ಟೇಲರ್ ಸಿಗುವುದಿಲ್ಲ, ಟಾರ್ಗೆಟ್ ಮಾತ್ರ ಕಡಿಮೆಯಾಗುವುದಿಲ್ಲ. ಅದರ ಜೊತೆಗೊಂದು ತಪ್ಪು ನಂಬಿಕೆಯೂ ಬೇರೂರಿದೆ: ಹೆರಿಗೆ ರಜೆ ಕೊಟ್ಟರೆ ಕಂಪನಿಗೆ ಆರು ತಿಂಗಳ ಸಂಬಳ ನಷ್ಟ ಎಂದು. ನಿಮ್ಮಲ್ಲಿಯ ಹೆಚ್ಚಿನ ಟೇಲರ್‌ಗಳ ವೇತನ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಿತಿಯಾದ ತಿಂಗಳಿಗೆ 21,000 ರೂಪಾಯಿಯೊಳಗೇ ಇರುತ್ತದೆ. ಅಂಥವರಿಗೆ 26 ವಾರಗಳ ಹೆರಿಗೆ ಸೌಲಭ್ಯದ ಹಣ ಬರುವುದು ಇಎಸ್‌ಐ ನಿಗಮದಿಂದ, ನಿಮ್ಮ ಪೆಟ್ಟಿಗೆಯಿಂದಲ್ಲ. ಅದಕ್ಕಾಗಿಯೇ ನೀವು ತಿಂಗಳು ತಿಂಗಳು ವೇತನದ 3.25% ವಂತಿಗೆ ಕಟ್ಟುತ್ತಿದ್ದೀರಿ. ಈ ಒಂದು ಮಾತನ್ನು ಕೇಳಿದಾಗ ಸೂಪರ್‌ವೈಸರ್‌ಗಳಷ್ಟೇ ಅಲ್ಲ, ಕೆಲವೊಮ್ಮೆ ಕಾರ್ಖಾನೆ ವ್ಯವಸ್ಥಾಪಕರೂ ಕಣ್ಣರಳಿಸುವುದನ್ನು ಕಂಡಿದ್ದೇನೆ. ಇನ್ನು ಇಎಸ್‌ಐ ವ್ಯಾಪ್ತಿಗೆ ಬಾರದವರ ವಿಚಾರದಲ್ಲಿ, ಗರ್ಭಿಣಿಯಾಗಿರುವಾಗ ಕೆಲಸದಿಂದ ತೆಗೆದುಹಾಕಿದ ಮಾತ್ರಕ್ಕೆ ಆಕೆಗೆ ಸಲ್ಲಬೇಕಾದ ಹೆರಿಗೆ ಸೌಲಭ್ಯ ತಪ್ಪುವುದಿಲ್ಲ ಎಂದು ಕಾನೂನು ಮೊದಲೇ ಬೀಗ ಹಾಕಿದೆ. ಅಂದರೆ ರಾಜೀನಾಮೆ ಬರೆಸಿಕೊಂಡವನು ಕಂಪನಿಗೆ ಉಳಿಸಿದ್ದು ಏನೂ ಇಲ್ಲ, ತಂದಿಟ್ಟದ್ದು ವ್ಯಾಜ್ಯ.

ಈಗ ಏನು ಕಲಿಸಬೇಕು ಎಂಬುದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕಾಯ್ದೆಗಳ ಜಾಗವನ್ನು ತೆಗೆದುಕೊಂಡಿವೆ; ಸಂಕ್ರಮಣ ಕಾಲದಲ್ಲಿ ಹಳೆಯ ನಿಯಮಗಳ ಬಳಕೆಯೂ ಮುಂದುವರಿದಿದೆ. ಉಪನ್ಯಾಸಕರು ಇದನ್ನೇ ಹಿಡಿದು ನಾಲ್ಕು ಸಂಹಿತೆಗಳನ್ನೂ ಅಧ್ಯಾಯವಾರು ತೆರೆಯ ಮೇಲೆ ತೋರಿಸುತ್ತಾರೆ. ದಯವಿಟ್ಟು ಬೇಡ. ಪಿಎಫ್ ಲೆಕ್ಕ, ಬೋನಸ್, ಗ್ರಾಚ್ಯುಟಿ, ವೇತನದ ಹೊಸ ವ್ಯಾಖ್ಯೆ, ನೋಂದಣಿ, ರಿಟರ್ನ್ಸ್ ಇವೆಲ್ಲ ನಿಮ್ಮ ಕೆಲಸ, ಸೂಪರ್‌ವೈಸರ್‌ದಲ್ಲ. ಅವನಿಗೆ ಬೇಕಾದದ್ದು, ತನ್ನ ಬಾಯಿಂದ ಅಥವಾ ಪೆನ್ನಿನಿಂದ ಹೊರಡುವ ಯಾವ ಮಾತು ಕಂಪನಿಯನ್ನು ಕಟ್ಟಿಹಾಕುತ್ತದೆ ಎಂಬ ಅರಿವು. ಅಂಥ ಸಂದರ್ಭಗಳು ಲೈನಿನ ಮೇಲೆ ನಾಲ್ಕೈದೇ.

ಓಟಿ ಅವುಗಳಲ್ಲಿ ಮೊದಲನೆಯದು. ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಪ್ರಕಾರ ಹೆಚ್ಚುವರಿ ದುಡಿಮೆಗೆ ಕಾರ್ಮಿಕರ ಒಪ್ಪಿಗೆ ಬೇಕು, ವೇತನ ದುಪ್ಪಟ್ಟು ದರದಲ್ಲಿ ಸಲ್ಲಬೇಕು. ವಾರದ ರಜೆಯ ದಿನ ದುಡಿಸಿದರೆ ಪರ್ಯಾಯ ರಜೆ ಕೊಡಬೇಕು. ಗಾರ್ಮೆಂಟ್ ವಲಯದಲ್ಲಿ ‘ಕಾಂಪ್‌ಆಫ್’ ಹೆಸರಿನಲ್ಲಿ ನಡೆಯುವುದು ಬಹಳ ಸಲ ಇದರ ತಲೆಕೆಳಗು ರೂಪ: ಬಟ್ಟೆ ಬಾರದ ದಿನ ಮನೆಗೆ ಕಳುಹಿಸಿ, ಮುಂದೊಂದು ಭಾನುವಾರ ‘ಆ ದಿನದ ಬಾಕಿ’ ಎಂದು ಮಾಮೂಲಿ ದರದಲ್ಲಿ ದುಡಿಸುವುದು. ವಾರಕ್ಕೆ 48 ಗಂಟೆ ದಾಟಿದರೆ ಅದನ್ನು ಏನೆಂದು ಕರೆದರೂ ಓಟಿಯೇ. ವೇತನ ಕಡಿಮೆ ಬಂತು ಎಂದು ಕಾರ್ಮಿಕ ಅರ್ಜಿ ಹಾಕಿದರೆ, ಸಲ್ಲಬೇಕಾದದ್ದು ಸಂದಿದೆ ಎಂದು ರುಜುವಾತು ಮಾಡುವ ಭಾರ ಕಂಪನಿಯದು. ಅರ್ಜಿಗೆ ಮೂರು ವರ್ಷ ಕಾಲಾವಕಾಶವೂ ಇದೆ. ಹಾಗಾಗಿ ಸೂಪರ್‌ವೈಸರ್ ತನ್ನ ಡೈರಿಯಲ್ಲಿ ಗೀಚಿಕೊಂಡ ಸಮಯವೂ ಹಾಜರಿ ಯಂತ್ರದ ಸಮಯವೂ ತಾಳೆಯಾಗದಿದ್ದರೆ ಅದರ ಬಿಸಿ ನಿಮಗೆ ತಟ್ಟುತ್ತದೆ.

ಸಂಬಳ ಕಡಿತ ಇನ್ನೊಂದು. ಹತ್ತು ನಿಮಿಷ ತಡವಾದವರಿಗೆ ಅರ್ಧ ದಿನ ಕಡಿತ ಹಾಕುವ ಪದ್ಧತಿ ನಿಮ್ಮಲ್ಲೂ ಇದ್ದರೆ ನಿಲ್ಲಿಸಿ. ಗೈರಿನ ಕಡಿತ ಗೈರಾದ ಕಾಲದ ಪ್ರಮಾಣಕ್ಕೆ ಮೀರುವಂತಿಲ್ಲ. ದಂಡ ಹಾಕಬೇಕಾದರೂ ಅದಕ್ಕೆ ಮೊದಲೇ ಅನುಮೋದನೆ ಪಡೆದು ಪ್ರಕಟಿಸಿದ ತಪ್ಪುಗಳ ಪಟ್ಟಿ ಇರಬೇಕು, ಕಾರ್ಮಿಕನಿಗೆ ಹೇಳಿಕೊಳ್ಳಲು ಅವಕಾಶ ಕೊಟ್ಟಿರಬೇಕು, ಒಟ್ಟು ಮೊತ್ತ ಆ ಅವಧಿಯ ವೇತನದ 3% ದಾಟಬಾರದು. ಇದಾವುದೂ ಸೂಪರ್‌ವೈಸರ್ ನಿಂತಲ್ಲೇ ತೀರ್ಮಾನಿಸುವ ವಿಷಯವಲ್ಲ.

ಮೂರನೆಯದು ‘ಹೋಗು, ನಾಳೆಯಿಂದ ಬರಬೇಡ’ ಎಂಬ ಮಾತು. ಕೋಪದಲ್ಲಿ ಬಾಯಿಂದ ಬೀಳುವ ಈ ಮಾತು ಕಾರ್ಮಿಕ ವಿವಾದಗಳಲ್ಲಿ ಮೌಖಿಕ ವಜಾ ಎಂದೇ ದಾಖಲಾಗುತ್ತದೆ. ನಿಮ್ಮಲ್ಲಿ 300ಕ್ಕೂ ಹೆಚ್ಚು ಕಾರ್ಮಿಕರಿರುವುದರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಸ್ಥಾಯಿ ಆದೇಶಗಳ ಅಧ್ಯಾಯ ಅನ್ವಯಿಸುತ್ತದೆ. ದುರ್ನಡತೆ ಯಾವುದು, ಶಿಕ್ಷೆ ಕೊಡುವವರು ಯಾರು ಎಂಬುದು ಅಲ್ಲಿ ನಿಗದಿಯಾಗಿರುತ್ತದೆ. ಅಮಾನತು ಮಾಡಿದರೆ ವಿಚಾರಣೆಯನ್ನು ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಸಬೇಕು, ಆ ಅವಧಿಗೆ ಅರ್ಧ ವೇತನದಷ್ಟು ಜೀವನಾಧಾರ ಭತ್ಯೆ ಕೊಡಬೇಕು. ಗೇಟಿನ ಹೊರಗೆ ನಿಲ್ಲಿಸುವ ಅಧಿಕಾರ ಸೂಪರ್‌ವೈಸರ್‌ಗೆ ಇಲ್ಲ. ಏನಾಯಿತು, ಯಾರು ನೋಡಿದರು ಎಂದು ಅದೇ ದಿನ ಬರೆದುಕೊಡುವ ಅಧಿಕಾರ ಮಾತ್ರವಲ್ಲ, ಹೊಣೆಯೂ ಇದೆ. ಖಾಲಿ ಹಾಳೆಯ ಮೇಲೆ ಸಹಿ, ತಾನೇ ಹೇಳಿ ಬರೆಸಿದ ರಾಜೀನಾಮೆ, ಎರಡನ್ನೂ ಅವನು ಮುಟ್ಟುವಂತಿಲ್ಲ. ರಾಜೀನಾಮೆ ಎಂಬ ಶಬ್ದ ಕಿವಿಗೆ ಬಿದ್ದರೆ ಆ ವ್ಯಕ್ತಿಯನ್ನು ಎಚ್‌ಆರ್ ಕಡೆಗೆ ಕಳುಹಿಸುವುದಷ್ಟೇ ಅವನ ಪಾಲು.

ಲೈಂಗಿಕ ಕಿರುಕುಳದ ದೂರಿನ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ಒಳ್ಳೆಯ ಸೂಪರ್‌ವೈಸರ್‌ಗಳೇ ಹೆಚ್ಚು ಎಡವುತ್ತಾರೆ. ಲೈನಿನ ಹುಡುಗಿಯೊಬ್ಬಳು ಬಂದು, ಮೆಕ್ಯಾನಿಕ್ ಹೀಗೆ ಮಾಡಿದ ಎಂದು ಹೇಳುತ್ತಾಳೆ. ಇವನು ಹಿರಿಯಣ್ಣನಂತೆ ಇಬ್ಬರನ್ನೂ ಕೂರಿಸಿ, ಅವನಿಂದ ಕ್ಷಮೆ ಕೇಳಿಸಿ, ‘ಮರ್ಯಾದೆಯ ಪ್ರಶ್ನೆ, ಇಲ್ಲಿಗೇ ಬಿಡೋಣ’ ಎಂದು ರಾಜಿ ಪಂಚಾಯಿತಿ ಮಾಡುತ್ತಾನೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕಾಯ್ದೆಯಲ್ಲಿ ರಾಜಿಗೆ ಅವಕಾಶವಿರುವುದು ನೊಂದ ಮಹಿಳೆ ತಾನಾಗಿ ಕೇಳಿದರೆ ಮಾತ್ರ, ಅದನ್ನು ನಡೆಸಬೇಕಾದದ್ದು ಆಂತರಿಕ ಸಮಿತಿ ಮಾತ್ರ, ಹಣ ಕೊಟ್ಟು ಮುಗಿಸುವಂತಿಲ್ಲ. ದೂರು ಕೊಡಲು ಇರುವುದು ಘಟನೆ ನಡೆದು ಮೂರು ತಿಂಗಳ ಕಾಲ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಸೂಪರ್‌ವೈಸರ್‌ನ ಪಂಚಾಯಿತಿಯಲ್ಲಿ ಕಳೆದುಹೋಗುವುದು ಆ ದಿನಗಳು. ಬರೆಯಲು ಬಾರದವಳಿದ್ದರೆ ದೂರು ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ಹೆಸರು, ವಿವರ ಹೊರಬೀಳಬಾರದು ಎಂಬ ನಿರ್ಬಂಧ ಎಲ್ಲರಿಗೂ ಇದೆ. ಊಟದ ಹೊತ್ತಿನ ಹರಟೆಯಲ್ಲಿ ಬಾಯಿಬಿಟ್ಟವನು ತಾನೂ ತಪ್ಪಿತಸ್ಥ. ದೂರು ಸಾಬೀತಾಗದಿದ್ದರೆ ಹೆಣ್ಣಿಗೆ ಶಿಕ್ಷೆಯಾಗುತ್ತದೆ ಎಂಬ ಮಾತು ಲೈನುಗಳಲ್ಲಿ ಓಡಾಡುತ್ತಿರುತ್ತದೆ. ಅದು ಸುಳ್ಳು. ಗೊತ್ತಿದ್ದೂ ಸುಳ್ಳು ದೂರು ಕೊಟ್ಟದ್ದು ವಿಚಾರಣೆಯಲ್ಲಿ ಸಿದ್ಧವಾದರೆ ಮಾತ್ರ ಕ್ರಮ. ಸಾಕ್ಷಿ ಸಾಲದೆ ಹೋಗುವುದು ಅಪರಾಧವಲ್ಲ. ಈ ಸುಳ್ಳನ್ನು ಸೂಪರ್‌ವೈಸರ್‌ನ ಬಾಯಿಂದ ಕೇಳಿದ ಹುಡುಗಿ ಸಮಿತಿಯ ಬಾಗಿಲಿಗೆ ಬರುವುದೇ ಇಲ್ಲ.

ಸಣ್ಣ ಗಾಯಗಳನ್ನೂ ಸೇರಿಸಿಕೊಳ್ಳಿ. ಬೆರಳಿಗೆ ಸೂಜಿ ಹೊಕ್ಕರೆ ಪಟ್ಟಿ ಸುತ್ತಿ ಮತ್ತೆ ಯಂತ್ರಕ್ಕೆ ಕೂರಿಸುವ ರೂಢಿ ಎಷ್ಟೋ ಕಡೆ ಇದೆ, ‘ಅಪಘಾತರಹಿತ ದಿನಗಳು’ ಎಂಬ ಬೋರ್ಡು ಕೆಡಬಾರದೆಂದು. ಅಂದೇ ದಾಖಲಾಗದ ಗಾಯಕ್ಕೆ ನಾಳೆ ಇಎಸ್‌ಐ ಸೌಲಭ್ಯ ಕೇಳುವಾಗ ಜಗಳ ಹುಟ್ಟುತ್ತದೆ. ಸಂಘದ ಬಗ್ಗೆ ಒಂದೇ ಮಾತು ಸಾಕು: ಯಾರು ಸೇರಿದ್ದಾರೆ ಎಂದು ವಿಚಾರಿಸಬೇಡಿ, ಸೇರಬೇಡಿ ಎನ್ನಬೇಡಿ. ಸಂಘಕ್ಕೆ ಸೇರಿದ್ದಕ್ಕೆ ಕೆಲಸ ಹೋಗುತ್ತದೆ ಎಂದು ಹೆದರಿಸುವುದು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿಯೇ ಇದೆ. ನಿಮ್ಮಲ್ಲಿ ಈಗ ಸಂಘ ಎಚ್ಚೆತ್ತಿರುವಾಗ ಈ ಮಾತು ನಾಳೆಯೇ ಎಲ್ಲರಿಗೂ ತಲುಪಬೇಕು, ತರಗತಿಯವರೆಗೆ ಕಾಯಬೇಡಿ.

ಇಷ್ಟೂ ಸಂದರ್ಭಗಳಿಗೆ ನಾನು ಕಲಿಸುವ ಉತ್ತರ ಒಂದೇ: ‘ಕೇಳಿಸಿಕೊಂಡೆ. ಇದು ನಾನು ತೀರ್ಮಾನಿಸುವುದಲ್ಲ. ಇವತ್ತೇ ಎಚ್‌ಆರ್‌ಗೆ ತಿಳಿಸುತ್ತೇನೆ.’ ಇದನ್ನು ಬಾಯಿಪಾಠವಾಗುವವರೆಗೆ, ಒಬ್ಬರು ಕಾರ್ಮಿಕರಾಗಿ ಇನ್ನೊಬ್ಬರು ಸೂಪರ್‌ವೈಸರ್ ಆಗಿ ಎದುರುಬದುರು ನಿಂತು ಆಡಿಸಬೇಕು. ನೋಡಲು ಸುಲಭ. ಆದರೆ ಕೋಪ ನೆತ್ತಿಗೇರಿದವನ ಬಾಯಲ್ಲಿ ‘ಇದು ನಾನು ತೀರ್ಮಾನಿಸುವುದಲ್ಲ’ ಎಂಬ ಮಾತು ಹೊರಡುವುದು ಎಷ್ಟು ಕಷ್ಟ ಎಂಬುದು ಆಡಿಸಿದಾಗಲೇ ಗೊತ್ತಾಗುವುದು.

ತರಬೇತಿಯ ವಿಧಾನದ ಆಯ್ಕೆಗಳು ನಿಮ್ಮ ಮುಂದೆ ಮೂರಿವೆ. ವಕೀಲರ ಅರ್ಧ ದಿನದ ಉಪನ್ಯಾಸ ಅಗ್ಗ, ಬೇಗ ಮುಗಿಯುತ್ತದೆ, ದಾಖಲೆಯೂ ಸಿಗುತ್ತದೆ. ಪಾಳಿ ಮುಗಿಸಿ ಬಂದವರು ಕುರ್ಚಿಯಲ್ಲೇ ತೂಕಡಿಸುತ್ತಾರೆ. ಎಚ್ಚರವಿದ್ದವರು ಕಲಂ ಸಂಖ್ಯೆಗಳನ್ನು ಮಾತ್ರ ಹಿಡಿದುಕೊಂಡು ಹೋಗುತ್ತಾರೆ. ಮೊಬೈಲಿನಲ್ಲಿ ನೋಡಿ ಉತ್ತರ ಒತ್ತುವ ಆನ್‌ಲೈನ್ ಪಾಠಗಳು ಖರೀದಿದಾರ ಕಂಪನಿಗಳ ಆಡಿಟ್‌ಗೆ ಚೆನ್ನಾಗಿ ಒಪ್ಪುತ್ತವೆ, ಯಾರು ಯಾವಾಗ ಮುಗಿಸಿದರು ಎಂಬ ಲೆಕ್ಕ ಅಚ್ಚುಕಟ್ಟು. ಆದರೆ ಹದಿನಾರು ಜನರ ಪರವಾಗಿ ಕಚೇರಿಯ ಒಬ್ಬ ಹುಡುಗ ಒತ್ತಿ ಮುಗಿಸುವ ಕಡೆಗಳೂ ಇವೆ, ಅನುವಾದದ ಕನ್ನಡ ಓದಿಸಿಕೊಳ್ಳುವುದೂ ಇಲ್ಲ. ನನ್ನ ಒಲವು ಮೂರನೆಯದಕ್ಕೆ: ಕೆಲಸದ ವೇಳೆಯಲ್ಲೇ, ಎಂಟೆಂಟು ಜನರ ಗುಂಪಿಗೆ, ಮುಕ್ಕಾಲು ಗಂಟೆಯ ಪಾಠ, ಒಂದು ಸಲಕ್ಕೆ ಒಂದೇ ಸಂದರ್ಭ, ವಾರಕ್ಕೊಂದು. ಕೆಲಸದ ವೇಳೆಯಲ್ಲೇ ಎಂದು ಒತ್ತಿ ಹೇಳುತ್ತೇನೆ. ಓಟಿಯ ಪಾಠವನ್ನು ಪಾಳಿ ಮುಗಿದ ಮೇಲೆ ಪುಕ್ಕಟೆಯಾಗಿ ಕೂರಿಸಿ ಮಾಡುವಷ್ಟು ವಿಪರ್ಯಾಸ ಬೇರೆ ಬೇಡ.

ಇದರಲ್ಲೂ ಅಪಾಯವಿದೆ. ಪಾಠ ಮಾಡುವವರು ಒಳಗಿನವರಾದರೆ ಆಡಳಿತಕ್ಕೆ ಹಿತವಾದುದನ್ನಷ್ಟೇ ಹೇಳಿಬಿಡಬಹುದು, ಹೊರಗಿನವರಾದರೆ ನಿಮ್ಮ ಲೈನಿನ ಸಂಗತಿ ತಿಳಿದಿರುವುದಿಲ್ಲ; ಇಬ್ಬರೂ ಸೇರಿ ಮಾಡುವುದು ಒಳ್ಳೆಯದು. ನಿಮ್ಮಲ್ಲೇ ನಡೆದ ಘಟನೆಗಳನ್ನು ಉದಾಹರಣೆಯಾಗಿ ಬಳಸಿದರೆ ಮನಸ್ಸಿಗೆ ನಾಟುತ್ತದೆ, ಆದರೆ ಕಿರುಕುಳದ ದೂರುಗಳನ್ನು ಹೆಸರು ಮರೆಸಿಯೂ ಬಳಸಬೇಡಿ. ಇಷ್ಟು ಜನರ ನಡುವೆ ಯಾರ ಕಥೆ ಎಂದು ಊಹಿಸಲು ಕ್ಷಣ ಸಾಕು. ಗರ್ಭಿಣಿಯ ಪ್ರಕರಣ ಮುಗಿಯುವವರೆಗೆ ಅದನ್ನೂ ಮುಟ್ಟಬೇಡಿ.

ಸೂಪರ್‌ವೈಸರ್‌ಗಳಿಗಿಂತ ಮೊದಲು ಪ್ರೊಡಕ್ಷನ್ ಮ್ಯಾನೇಜರ್ ಮತ್ತು ಫ್ಲೋರ್ ಇನ್‌ಚಾರ್ಜ್‌ಗಳನ್ನು ಕೂರಿಸಿ. ಇದನ್ನು ಬಿಟ್ಟು ಬೇರೆ ಎಲ್ಲವನ್ನೂ ಮಾಡಿದ ಕಾರ್ಖಾನೆಗಳಲ್ಲಿ ತರಬೇತಿ ನೆಲ ಕಚ್ಚಿದ್ದನ್ನು ನೋಡಿದ್ದೇನೆ. ವಕೀಲರ ಉಪನ್ಯಾಸ ನಿಜವಾಗಿ ಉಪಯೋಗಕ್ಕೆ ಬರುವುದು ಈ ಗುಂಪಿಗೆ, ಸಂಹಿತೆಗಳ ವಿವರ ಬೇಕಾಗುವುದೂ ಇವರಿಗೆ. ಅವರ ಮುಂದೆ ಒಂದೇ ಬೇಡಿಕೆ ಇಡಿ: ಭಾನುವಾರಕ್ಕೆ ಜನ ಒಪ್ಪದಿದ್ದರೆ ಸೂಪರ್‌ವೈಸರ್ ಶನಿವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಹಾಗೆಂದು ತಿಳಿಸಬಹುದು, ಹಾಗೆ ತಿಳಿಸಿದ್ದಕ್ಕೆ ಬೈಗುಳವಿಲ್ಲ. ಈ ಒಂದು ಭರವಸೆ ಸಿಗದಿದ್ದರೆ ಕೆಳಗಿನ ಪಾಠಕ್ಕೆ ದುಡ್ಡು ಸುರಿಯಬೇಡಿ.

ತಪ್ಪು ಮಾಡಿದ ಇಬ್ಬರು ಸೂಪರ್‌ವೈಸರ್‌ಗಳ ಬಗ್ಗೆಯೂ ಎಚ್ಚರ ಬೇಕು. ಸಂಘವನ್ನು ಸಮಾಧಾನಪಡಿಸಲು ಅವರನ್ನು ರಾತ್ರೋರಾತ್ರಿ ಮನೆಗೆ ಕಳುಹಿಸುವ ಯೋಚನೆ ಆಡಳಿತಕ್ಕೆ ಬಂದೇ ಬರುತ್ತದೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮೇಲ್ವಿಚಾರಣೆಯ ಕೆಲಸ ಮಾಡಿ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರು ಮಾತ್ರ ಕಾರ್ಮಿಕ ಎಂಬ ವ್ಯಾಖ್ಯೆಯಿಂದ ಹೊರಗೆ. ಅದಕ್ಕಿಂತ ಕಡಿಮೆ ಪಡೆಯುವವನೂ, ಹೆಸರಿಗೆ ಸೂಪರ್‌ವೈಸರ್ ಆಗಿ ದಿನವಿಡೀ ಯಂತ್ರದ ಮೇಲೆಯೇ ಕೂರುವವನೂ ತಾನೇ ಕಾರ್ಮಿಕನೆಂದು ನಿಮ್ಮ ವಿರುದ್ಧ ನಿಲ್ಲಬಲ್ಲ; ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು. ಕಾರಣ ಕೇಳುವ ನೋಟಿಸ್, ಉತ್ತರ, ವಿಚಾರಣೆ ಎಲ್ಲವೂ ಅವರಿಗೂ ಸಲ್ಲಬೇಕು. ವಿಚಾರಣೆಯಲ್ಲಿ ಅವರು ‘ಮೇಲಿನಿಂದ ಆದೇಶ ಬಂದಿತ್ತು’ ಎಂದರೆ ಅದನ್ನೂ ದಾಖಲಿಸಿಕೊಳ್ಳಿ.

ತರಬೇತಿ ಶುರುವಾದ ಮೊದಲ ತಿಂಗಳುಗಳಲ್ಲಿ ದೂರುಗಳು ಹೆಚ್ಚುತ್ತವೆ. ಆಡಳಿತದವರಿಗೆ ಇದನ್ನು ಮುಂಚಿತವಾಗಿ ಹೇಳಿಡಿ, ಇಲ್ಲದಿದ್ದರೆ ‘ನೋಡಿ, ಹೇಳಿದೆವಲ್ಲ’ ಎಂಬ ಮಾತು ಬರುತ್ತದೆ. ಮೊದಲು ಲೈನಿನಲ್ಲೇ ಹುಗಿದುಹೋಗುತ್ತಿದ್ದ ದೂರುಗಳು ನಿಮ್ಮ ಮೇಜಿಗೆ ಬರುತ್ತಿವೆ ಎಂದಷ್ಟೇ ಅದರ ಅರ್ಥ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಇರಲೇಬೇಕಾದ ಕುಂದುಕೊರತೆ ಪರಿಹಾರ ಸಮಿತಿ ನಿಮ್ಮಲ್ಲಿ ಕಾಗದದ ಮೇಲಷ್ಟೇ ಇದ್ದರೆ ಅದನ್ನು ಈಗಲೇ ಜೀವಂತಗೊಳಿಸಿ. ಬಂದ ದೂರನ್ನು ಅದು 30 ದಿನಗಳಲ್ಲಿ ಮುಗಿಸಬೇಕು. ಪಾಠ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಪರೀಕ್ಷೆ ಇಡುವ ಬದಲು ಲೈನುವಾರು ರಾಜೀನಾಮೆ, ಓಟಿ ನಿರಾಕರಣೆ, ಕಡಿತದ ಲೆಕ್ಕ ನೋಡಿ. ಓಟಿಯನ್ನು ಯಾರೂ ಒಮ್ಮೆಯೂ ನಿರಾಕರಿಸದ ಲೈನ್ ಕಂಡರೆ ಮೊದಲು ಅಲ್ಲಿಗೇ ಹೋಗಿ.

ಒಮ್ಮೆ ಮಾಡಿದ ತರಬೇತಿ ವರ್ಷಗಟ್ಟಲೆ ನಡೆಯುವುದೂ ಇಲ್ಲ. ಒಂದೇ ತಿಂಗಳನ್ನು ನೋಡಿ: ಸಂಹಿತೆಗಳು ಜಾರಿಯಾದ 2025ರ ನವೆಂಬರ್‌ನಲ್ಲೇ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಯ ಆದೇಶವನ್ನೂ ಹೊರಡಿಸಿತು, ಆಮೇಲೆ ಅದು ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ಇಂಥ ಬದಲಾವಣೆ ಬಂದಾಗ ಒಂದು ಪುಟದ ಕನ್ನಡ ಟಿಪ್ಪಣಿ ಮಾಡಿ, ಹದಿನೈದು ನಿಮಿಷ ಸೂಪರ್‌ವೈಸರ್‌ಗಳ ಎದುರು ಓದಿ ಹೇಳಿ.

ಕೊನೆಗೆ, ಸಹಿ ಯಾವುದಕ್ಕೆ ಎಂದು ಕೇಳಿದ್ದೀರಿ. ಪಾಠ ನಡೆದ ದಿನ, ಹೊತ್ತು, ವಿಷಯ, ಭಾಷೆ, ಪಾಠ ಮಾಡಿದವರು ಇಷ್ಟನ್ನು ಬರೆದ ಹಾಳೆಗೆ ಪಡೆಯಿರಿ. ಅದರ ಕೆಳಗೆ ಎರಡು ಸಾಲು ಸಾಕು: ಈ ವಿಷಯಗಳನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದರು, ಸಂದೇಹ ಬಂದರೆ ಯಾರನ್ನು ಕೇಳಬೇಕು ಎಂಬುದು ನನಗೆ ಗೊತ್ತು. ಆ ‘ಯಾರು’ ಎಂಬಲ್ಲಿ ನಿಮ್ಮ ಹೆಸರು, ರಾತ್ರಿ ಪಾಳಿಯಲ್ಲಿ ಕರೆ ತೆಗೆದುಕೊಳ್ಳುವವರ ಹೆಸರು, ಇಬ್ಬರ ಮೊಬೈಲ್ ಸಂಖ್ಯೆ ಇರಲಿ. ಹಾಳೆಯ ಹಿಂಬದಿಯಲ್ಲಿ ಆ ದಿನ ಅವರು ಕೇಳಿದ ಪ್ರಶ್ನೆಗಳನ್ನು, ನೀವು ಕೊಟ್ಟ ಉತ್ತರಗಳನ್ನು ಬರೆದಿಡಿ. ನಾಳೆ ಅಧಿಕಾರಿಯ ಮುಂದೆ ಈ ಕಡತ ತೆರೆದರೆ ಹದಿನಾರು ಸಹಿಗಳಿಗಿಂತ ಅವರು ಹೆಚ್ಚು ಹೊತ್ತು ಓದುವುದು ಈ ಪುಟವನ್ನು.